ಟು ಹಾಕಬೇಕಾ, ಇಂಗ್ ಹಾಕಬೇಕಾ? ಜೆರಂಡ್ ಮತ್ತು ಇನ್ಫಿನಿಟಿವ್ ಆರಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಆಫೀಸ್ ಇ-ಮೇಲ್‌ಗಳಲ್ಲಿ ಎರಡು ವಾಕ್ಯಗಳು ಪದೇ ಪದೇ ಕಾಣುತ್ತವೆ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅನ್ನೋದು ಒಂದು. 'ಹಿ ಸಜೆಸ್ಟೆಡ್ ಮಿ ಟು ಅಪ್ಲೈ' ಅನ್ನೋದು ಇನ್ನೊಂದು. ಎರಡೂ ತಪ್ಪು. ಬರೆದವರಿಗೆ ಇಂಗ್ಲಿಷ್ ಬರಲ್ಲ ಅಂತೇನಲ್ಲ. ಚೆನ್ನಾಗಿ ಮಾತಾಡುವವರೂ ಇಲ್ಲಿ ಎಡವುತ್ತಾರೆ. ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಲ್ಲಿ ತಪ್ಪು ಹುಡುಕುವ ಪ್ರಶ್ನೆ ಕೊಡುವವರಿಗಂತೂ ಇದು ಬಲು ಪ್ರಿಯವಾದ ಜಾಗ.

ಸಾಮಾನ್ಯವಾಗಿ ಸಿಗುವ ಸಲಹೆ ಏನು? 'ಎರಡು ಪಟ್ಟಿ ಇದೆ, ಬಾಯಿಪಾಠ ಮಾಡಿ.' ಪಟ್ಟಿ ಬೇಕು, ಇಲ್ಲ ಅನ್ನಲ್ಲ. ಆದರೆ ಅದು ಕೊನೆಗೆ. ಅದಕ್ಕೂ ಮೊದಲು ಕೆಲವು ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಿಕೊಂಡರೆ ಎಷ್ಟೋ ವಾಕ್ಯಗಳು ಪಟ್ಟಿಯ ಹಂಗಿಲ್ಲದೆ ಬಗೆಹರಿಯುತ್ತವೆ. ಉಳಿದವುಗಳಿಗೆ ಕನ್ನಡದವರ ಕೈಯಲ್ಲಿ ಒಂದು ಒಳ್ಳೆ ಸಾಧನ ಆಗಲೇ ಇದೆ: ನಮ್ಮ ಕ್ರಿಯಾಪದಗಳ ಬಾಲ, ಅಂದರೆ 'ಬರೋಕೆ' ಅನ್ನುವಲ್ಲಿನ 'ಓಕೆ', 'ಬರೋದನ್ನು' ಅನ್ನುವಲ್ಲಿನ 'ಓದನ್ನು' ಥರ ಕೊನೆಗೆ ಅಂಟುವ ತುಣುಕು. 'ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷ್‌ನಲ್ಲೇ ಯೋಚಿಸಿ' ಅಂತ ಮೇಷ್ಟ್ರುಗಳು ಹೇಳುತ್ತಾರಲ್ಲ, ಈ ಒಂದು ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಇಲ್ಲಿ ಕನ್ನಡದಲ್ಲಿ ಯೋಚಿಸಿದರೇ ಲಾಭ. ಎಲ್ಲಿ ಅದು ಕೈಕೊಡುತ್ತೆ ಅಂತ ಗೊತ್ತಿದ್ದರೆ ಆಯಿತು.

ಮೊದಲು ಇಬ್ಬರ ಪರಿಚಯ

'ಟು ರೀಡ್' ಇನ್ಫಿನಿಟಿವ್. 'ರೀಡಿಂಗ್' ಅನ್ನುವುದನ್ನು ಹೆಸರಿನಂತೆ ಬಳಸಿದರೆ ಜೆರಂಡ್. ಕನ್ನಡದಲ್ಲಿ ಇವುಗಳ ಹತ್ತಿರದ ನೆಂಟರು 'ಓದಲು' ಮತ್ತು 'ಓದುವುದು'. ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದ್ದರೆ, 'ಓದಲು' ಕೃದಂತಾವ್ಯಯ, 'ಓದುವುದು' ಕೃದಂತ ಭಾವನಾಮ. ನೆನಪಿಲ್ಲದಿದ್ದರೂ ನಷ್ಟವಿಲ್ಲ. ಈ ಬರಹದಲ್ಲಿ ಸುಮ್ನೆ 'ಟು ರೂಪ', 'ಇಂಗ್ ರೂಪ' ಅಂತ ಕರೆಯೋಣ.

ಒಂದು ಎಚ್ಚರಿಕೆ. 'ಐ ಆಮ್ ರೀಡಿಂಗ್' ಅನ್ನುವಲ್ಲಿ ಇರುವುದು ಜೆರಂಡ್ ಅಲ್ಲ. ಅದು 'ಓದ್ತಾ ಇದೀನಿ'. ನೋಡೋಕೆ ಒಂದೇ, ಕೆಲಸ ಬೇರೆ. ಹಳೆಯ ಇಂಗ್ಲಿಷ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಪ್ರತ್ಯಯ ಇದ್ದವು. ಕಾಲ ಕಳೆದಂತೆ ಎರಡೂ ಸೇರಿ 'ಇಂಗ್' ಆದವು. ಗೊಂದಲದ ಒಂದು ಪಾಲು ಅಲ್ಲಿಂದಲೇ ಬಂದದ್ದು.

ಹೆಜ್ಜೆ 1: ಎಡಗಡೆ ಪ್ರಿಪೊಸಿಷನ್ ಇದೆಯಾ ನೋಡಿ

ಅನುಮಾನ ಬಂದ ಕ್ರಿಯಾಪದದ ಎಡಪಕ್ಕದ ಪದ ನೋಡಿ. ಅಲ್ಲಿ ಇನ್, ಆನ್, ಅಟ್, ಆಫ್, ಫಾರ್, ವಿದೌಟ್, ಬಿಫೋರ್, ಆಫ್ಟರ್, ಬೈ, ಅಬೌಟ್ ಇಂಥದ್ದೊಂದು ಇದ್ದರೆ ಇಂಗ್ ರೂಪವೇ.

'ಹಿ ಲೆಫ್ಟ್ ವಿದೌಟ್ ಟೆಲ್ಲಿಂಗ್ ಮಿ.'
'ಥ್ಯಾಂಕ್ಯೂ ಫಾರ್ ಕಮಿಂಗ್.'
'ಶಿ ಈಸ್ ಗುಡ್ ಅಟ್ ಸಿಂಗಿಂಗ್.'
'ಐ ಆಮ್ ಇಂಟರೆಸ್ಟೆಡ್ ಇನ್ ಲರ್ನಿಂಗ್ ತಮಿಳು.'

ಪ್ರಿಪೊಸಿಷನ್ ಆದಮೇಲೆ ಹೆಸರು ಬರಬೇಕು, ಟು ರೂಪ ಅಲ್ಲಿ ಕೂರುವುದಿಲ್ಲ. ಇಡೀ ವಿಷಯದಲ್ಲಿ ಹೆಚ್ಚುಕಡಿಮೆ ವಿನಾಯಿತಿ ಇಲ್ಲದ ನಿಯಮ ಇದೊಂದೇ, ಹಾಗಾಗಿ ಇದೇ ಮೊದಲ ಹೆಜ್ಜೆ.

ಹೆಜ್ಜೆ 2: ಆ 'ಟು' ಯಾವ 'ಟು'?

ಇಲ್ಲೇ ಹೆಚ್ಚು ಜನ ಜಾರುವುದು. ಇಂಗ್ಲಿಷ್‌ನಲ್ಲಿ ಎರಡು 'ಟು' ಇವೆ. ಒಂದು ಕ್ರಿಯಾಪದದ ಜೊತೆಗಾರ: 'ವಾಂಟ್ ಟು ಗೋ'. ಇನ್ನೊಂದು ಅಪ್ಪಟ ಪ್ರಿಪೊಸಿಷನ್: 'ಗೋ ಟು ಮೈಸೂರು'. 'ಲುಕಿಂಗ್ ಫಾರ್ವರ್ಡ್ ಟು' ಅನ್ನುವಲ್ಲಿರುವುದು ಎರಡನೆಯದು. ಆದ್ದರಿಂದ ಅದರ ಮೇಲೆ ಹೆಜ್ಜೆ 1ರ ನಿಯಮ ನಡೆಯುತ್ತದೆ: 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು.'

ಪತ್ತೆ ಹಚ್ಚುವುದು ಸುಲಭ. ಕ್ರಿಯಾಪದ ತೆಗೆದು ಅಲ್ಲಿ 'ಇಟ್' ಹಾಕಿ ನೋಡಿ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಇಟ್' ಸರಿಯಾಗಿ ನಿಲ್ಲುತ್ತದೆ. ಅಂದರೆ ಪ್ರಿಪೊಸಿಷನ್, ಇಂಗ್ ಹಾಕಿ. 'ಐ ವಾಂಟ್ ಟು ಇಟ್' ನಿಲ್ಲಲ್ಲ. ಅಂದರೆ ಟು ರೂಪ.

ಈ ಪರೀಕ್ಷೆಯಲ್ಲಿ ಇಂಗ್ ಕಡೆ ಬೀಳುವವು ಇನ್ನೂ ಕೆಲವು ಇವೆ: 'ಆಬ್ಜೆಕ್ಟ್ ಟು', 'ಕಮಿಟೆಡ್ ಟು', 'ಇನ್ ಅಡಿಷನ್ ಟು', 'ವೆನ್ ಇಟ್ ಕಮ್ಸ್ ಟು'. ಜೊತೆಗೆ 'ಬಿ ಯೂಸ್ಡ್ ಟು'. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

'ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ' ಅಂದರೆ ಮೊದಲು ಬೇಗ ಏಳ್ತಿದ್ದೆ, ಈಗಿಲ್ಲ. 'ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ' ಅಂದರೆ ಬೇಗ ಏಳೋದು ನನಗೆ ರೂಢಿ ಆಗಿದೆ, ಕಷ್ಟ ಅನ್ನಿಸಲ್ಲ. ಒಂದು 'ಆಮ್' ಮತ್ತು ಒಂದು 'ಇಂಗ್' ಸೇರಿ ಸೋಮಾರಿಯನ್ನು ಶಿಸ್ತಿನ ಮನುಷ್ಯ ಮಾಡಿಬಿಡುತ್ತವೆ. ಇಂಟರ್‌ವ್ಯೂನಲ್ಲಿ 'ಐ ಯೂಸ್ಡ್ ಟು ವರ್ಕ್ ಹಾರ್ಡ್' ಅಂದರೆ ಎದುರಿಗಿದ್ದವರು ಈಗ ಏನು ಮಾಡ್ತೀರಿ ಅಂತ ಕೇಳಿಯಾರು.

ಹೆಜ್ಜೆ 3: ಯಾತಕ್ಕೆ ಅಂತ ಹೇಳುತ್ತಿದ್ದೀರಾ?

ಒಂದು ಕೆಲಸವನ್ನು ಯಾವ ಉದ್ದೇಶಕ್ಕೆ ಮಾಡಿದಿರಿ ಅಂತ ಹೇಳುವಾಗ ಟು ರೂಪ. 'ಹಾಲು ತರೋಕೆ ಅಂಗಡಿಗೆ ಹೋದೆ' ಅಂದರೆ 'ಐ ವೆಂಟ್ ಟು ದ ಶಾಪ್ ಟು ಬೈ ಮಿಲ್ಕ್'. ನಮ್ಮವರು ಇಲ್ಲಿ 'ಫಾರ್ ಬೈಯಿಂಗ್ ಮಿಲ್ಕ್' ಅನ್ನುವುದು ಜಾಸ್ತಿ. ಯಾಕೆ ಗೊತ್ತಾ? 'ತರೋಕೆ' ಬಿಡಿಸಿದರೆ 'ತರುವುದಕ್ಕೆ'. ಅದರೊಳಗೆ 'ತರುವುದು' ಇದೆ, ಮೇಲೊಂದು 'ಕ್ಕೆ' ಇದೆ. 'ತರುವುದು' ಅಂದರೆ ಬೈಯಿಂಗ್, 'ಕ್ಕೆ' ಅಂದರೆ ಫಾರ್ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಲೆಕ್ಕ ಸರಿಯೇ, ಉತ್ತರ ತಪ್ಪು. ಇಂಗ್ಲಿಷ್‌ನ ಹಳೆಯ 'ಟು' ಕೂಡ ನಮ್ಮ 'ಕ್ಕೆ' ಥರ ದಿಕ್ಕು ತೋರಿಸುವ ಪದವೇ ಆಗಿತ್ತು. ಹಾಗಾಗಿ 'ಓಕೆ' ಕೇಳಿಸಿದಾಗ 'ಟು' ಅಂತ ಅಂದುಕೊಳ್ಳಿ.

'ಫಾರ್' ಜೊತೆ ಇಂಗ್ ಬರುವುದು ಒಂದು ವಸ್ತು ಯಾವ ಕೆಲಸಕ್ಕೆ ಇರುವುದು ಅಂತ ಹೇಳುವಾಗ: 'ಎ ನೈಫ್ ಫಾರ್ ಕಟಿಂಗ್ ಬ್ರೆಡ್'. ಚಾಕು ಇರೋದೇ ಅದಕ್ಕೆ. ಆದರೆ ನೀವು ಅಂಗಡಿಗೆ ಹೋದದ್ದು 'ಟು ಬೈ'.

ಹೆಜ್ಜೆ 4: ನಡುವೆ ಯಾರಾದರೂ ಇದ್ದಾರಾ?

'ಅಮ್ಮ ನನಗೆ ಬರೋಕೆ ಹೇಳಿದರು.' ಹೇಳಿದವರು ಒಬ್ಬರು, ಬರಬೇಕಾದವರು ಇನ್ನೊಬ್ಬರು. ಹೀಗೆ ಕ್ರಿಯಾಪದ ಆದಮೇಲೆ ಒಬ್ಬ ವ್ಯಕ್ತಿ ಬಂದು, ಆಮೇಲೆ ಅವರು ಮಾಡಬೇಕಾದ ಕೆಲಸ ಬಂದರೆ ಟು ರೂಪ: 'ಶಿ ಟೋಲ್ಡ್ ಮಿ ಟು ಕಮ್', 'ಐ ವಾಂಟ್ ಯು ಟು ಸ್ಟೇ', 'ದೆ ಆಸ್ಕ್ಡ್ ಅಸ್ ಟು ವೇಟ್'. ಬರಬಾರದು ಅನ್ನಬೇಕಾದರೆ 'ನಾಟ್' ಅನ್ನು ಟು-ಗಿಂತ ಮುಂಚೆ ಇಡಿ: 'ಟೋಲ್ಡ್ ಮಿ ನಾಟ್ ಟು ಕಮ್'.

'ಅಲೌ' ಮತ್ತು 'ಅಡ್ವೈಸ್' ಇಲ್ಲಿ ಸ್ವಾರಸ್ಯಕರ. ನಡುವೆ ವ್ಯಕ್ತಿ ಇದ್ದರೆ ಟು, ಇಲ್ಲದಿದ್ದರೆ ಇಂಗ್. 'ದೆ ಡೋಂಟ್ ಅಲೌ ಅಸ್ ಟು ಪಾರ್ಕ್ ಹಿಯರ್', ಆದರೆ 'ದೆ ಡೋಂಟ್ ಅಲೌ ಪಾರ್ಕಿಂಗ್ ಹಿಯರ್'.

ಮೂರು ಪುಂಡರು ಈ ಹೆಜ್ಜೆಯಲ್ಲಿ ಮಾತು ಕೇಳುವುದಿಲ್ಲ. 'ಮೇಕ್' ಮತ್ತು 'ಲೆಟ್' ಆದಮೇಲೆ ಟು ಕೂಡ ಇಲ್ಲ, ಇಂಗ್ ಕೂಡ ಇಲ್ಲ, ಬರಿಯ ಕ್ರಿಯಾಪದ: 'ಹಿ ಮೇಡ್ ಮಿ ವೇಟ್', 'ಲೆಟ್ ಹಿಮ್ ಗೋ'. ತಮಾಷೆ ಅಂದರೆ, 'ಮೇಕ್' ಅನ್ನು ಕರ್ಮಣಿಗೆ ತಿರುಗಿಸಿದ ಕೂಡಲೇ ಟು ವಾಪಸ್ ಬರುತ್ತದೆ: 'ಐ ವಾಸ್ ಮೇಡ್ ಟು ವೇಟ್'. ಮೂರನೆಯ ಪುಂಡ 'ಸಜೆಸ್ಟ್'. 'ನನಗೆ ಅರ್ಜಿ ಹಾಕೋಕೆ ಸಲಹೆ ಕೊಟ್ಟರು' ಅಂತ ಕನ್ನಡದಲ್ಲಿ ಆರಾಮಾಗಿ ಹೇಳುತ್ತೇವೆ, ಇಂಗ್ಲಿಷ್‌ನಲ್ಲಿ 'ಸಜೆಸ್ಟೆಡ್ ಮಿ ಟು ಅಪ್ಲೈ' ಆಗಲ್ಲ. ಎರಡು ದಾರಿ ಇವೆ: 'ಹಿ ಸಜೆಸ್ಟೆಡ್ ಅಪ್ಲೈಯಿಂಗ್' ಅಥವಾ 'ಹಿ ಸಜೆಸ್ಟೆಡ್ ದಟ್ ಐ ಅಪ್ಲೈ'. ಎರಡೂ ಬೇಡ ಅನ್ನಿಸಿದರೆ 'ಅಡ್ವೈಸ್ಡ್ ಮಿ ಟು ಅಪ್ಲೈ' ಅಂತ ಬರೆದು ಮುಂದೆ ಹೋಗಿ.

ಹೆಜ್ಜೆ 5: ಎಡಗಡೆ ಗುಣವಾಚಕವಾ?

ಇದು ಬೇಗ ಮುಗಿಯುತ್ತದೆ. ಹ್ಯಾಪಿ, ಈಸಿ, ರೆಡಿ, ಡಿಫಿಕಲ್ಟ್ ಇಂಥವು ಆದಮೇಲೆ ಟು ರೂಪ: 'ಹ್ಯಾಪಿ ಟು ಹೆಲ್ಪ್', 'ಈಸಿ ಟು ಕುಕ್'. ಎರಡು ವಿನಾಯಿತಿ ನೆನಪಿರಲಿ: 'ವರ್ತ್' ಮತ್ತು 'ಬಿಜಿ'. 'ಹಂಪಿ ಈಸ್ ವರ್ತ್ ಸೀಯಿಂಗ್', 'ಶಿ ಈಸ್ ಬಿಜಿ ಕುಕಿಂಗ್'.

ಹೆಜ್ಜೆ 6: ಇನ್ನು ಕ್ರಿಯಾಪದವೇ ಹೇಳಬೇಕು. ಕನ್ನಡದ ಬಾಲ ಹಿಡಿಯಿರಿ

ಇಲ್ಲಿವರೆಗೂ ಉತ್ತರ ಸಿಗಲಿಲ್ಲ ಅಂದರೆ ಎರಡು ಕ್ರಿಯಾಪದ ಅಕ್ಕಪಕ್ಕ ನಿಂತಿವೆ ಅಂತ ಅರ್ಥ. ಮೊದಲನೆಯದು ಎರಡನೆಯದರ ರೂಪ ತೀರ್ಮಾನಿಸುತ್ತದೆ. ಈಗ ಆ ವಾಕ್ಯವನ್ನು ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿ, ಎರಡನೆಯ ಕ್ರಿಯಾಪದದ ಬಾಲ ಕೇಳಿಸಿಕೊಳ್ಳಿ.

ಬಾಲ 'ಇದ್ದನ್ನು' ಅಂತಿದ್ದರೆ, ಅಂದರೆ ಕೆಲಸ ಆಗಿಹೋಗಿದ್ದರೆ, ಕಣ್ಣುಮುಚ್ಚಿ ಇಂಗ್ ಹಾಕಿ. 'ಕದ್ದಿದ್ದನ್ನು ಒಪ್ಪಿಕೊಂಡ': 'ಹಿ ಅಡ್ಮಿಟೆಡ್ ಸ್ಟೀಲಿಂಗ್'. 'ಕದ್ದಿದ್ದನ್ನು ನಿರಾಕರಿಸಿದ': 'ಹಿ ಡಿನೈಡ್ ಸ್ಟೀಲಿಂಗ್'.

ಬಾಲ 'ಓಕೆ' ಅಥವಾ 'ಅಲು' ಅಂತಿದ್ದರೆ ಸಾಮಾನ್ಯವಾಗಿ ಟು. 'ಬರೋಕೆ ಒಪ್ಪಿದ': 'ಹಿ ಅಗ್ರೀಡ್ ಟು ಕಮ್'. 'ಬರೋಕೆ ನಿರಾಕರಿಸಿದ': 'ಹಿ ರಿಫ್ಯೂಸ್ಡ್ ಟು ಕಮ್'. ಗಮನಿಸಿ, ಕನ್ನಡದಲ್ಲಿ ಒಪ್ಪು, ನಿರಾಕರಿಸು ಎರಡೂ ಕಡೆ ಅವೇ. ಬಾಲ ಮಾತ್ರ ಬೇರೆ. ಇಂಗ್ಲಿಷ್ ಆ ಎರಡಕ್ಕೆ ನಾಲ್ಕು ಬೇರೆ ಕ್ರಿಯಾಪದ ಇಟ್ಟುಕೊಂಡಿದೆ, ಆದರೂ ಹಂಚಿಕೆ ನಮ್ಮ ಬಾಲದ ಪ್ರಕಾರವೇ ಇದೆ. ಡಿಸೈಡ್, ಪ್ಲಾನ್, ಮ್ಯಾನೇಜ್, ಫೇಲ್, ಆಫರ್ ಇವೂ ಈ ಗುಂಪಿಗೇ ಸೇರುತ್ತವೆ.

'ಅಂತ' ಬಂದರೂ ಹೆಚ್ಚಾಗಿ ಟು. 'ಬರ್ತೀನಿ ಅಂತ ಮಾತು ಕೊಟ್ಟ': 'ಪ್ರಾಮಿಸ್ಡ್ ಟು ಕಮ್'. 'ಕೇಸ್ ಹಾಕ್ತೀನಿ ಅಂತ ಹೆದರಿಸಿದ': 'ಥ್ರೆಟನ್ಡ್ ಟು ಸ್ಯೂ'. ವಾಂಟ್, ಹೋಪ್, ಎಕ್ಸ್‌ಪೆಕ್ಟ್ ಕೂಡ ಹೀಗೇ.

'ತಾ' ಬಂದರೆ ಇಂಗ್. 'ಕೇಳ್ತಾನೇ ಇದ್ದ': 'ಹಿ ಕೆಪ್ಟ್ ಆಸ್ಕಿಂಗ್'. 'ಫೋನ್ ನೋಡ್ತಾ ಎರಡು ಗಂಟೆ ಕಳೆದೆ': 'ಐ ಸ್ಪೆಂಟ್ ಟೂ ಅವರ್ಸ್ ಲುಕಿಂಗ್ ಅಟ್ ದ ಫೋನ್'.

'ಓದನ್ನು' ಬಂದರೆ ಬಹುಪಾಲು ಇಂಗ್. 'ಸೇದೋದನ್ನು ಬಿಟ್ಟ': 'ಕ್ವಿಟ್ ಸ್ಮೋಕಿಂಗ್'. 'ಬರೆಯೋದನ್ನು ಮುಗಿಸಿದೆ': 'ಫಿನಿಶ್ಡ್ ರೈಟಿಂಗ್'. ಅವಾಯ್ಡ್, ಪೋಸ್ಟ್‌ಪೋನ್, ಡಿಲೇ, ಗಿವ್ ಅಪ್ ಇವೆಲ್ಲ ಇಲ್ಲಿ. 'ಹಾಡು ಕೇಳೋದು ಖುಷಿ' ಅನ್ನುವ 'ಎಂಜಾಯ್' ಕೂಡ ಇದೇ ಮನೆಯದು: 'ಐ ಎಂಜಾಯ್ ಲಿಸನಿಂಗ್ ಟು ಮ್ಯೂಸಿಕ್'.

ಇದರ ಹಿಂದಿನ ತರ್ಕ ಸ್ಥೂಲವಾಗಿ ಹೀಗಿದೆ. ಟು ರೂಪ ಇನ್ನೂ ಆಗಬೇಕಾದ ಕೆಲಸದ ಕಡೆ ಮುಖ ಮಾಡಿರುತ್ತದೆ. ಇಂಗ್ ರೂಪ ಆದ ಅಥವಾ ಆಗುತ್ತಿರುವ ಕೆಲಸವನ್ನು ಒಂದು ವಸ್ತುವಿನ ಹಾಗೆ ಕೈಗೆತ್ತಿಕೊಳ್ಳುತ್ತದೆ. ಇದು ಒಲವು ಮಾತ್ರ, ಕಾನೂನಲ್ಲ. 'ಮ್ಯಾನೇಜ್ಡ್ ಟು ಫಿನಿಶ್' ಅಂದರೆ ಕೆಲಸ ಆಗಿಹೋಗಿದೆ, ಆದರೂ ಟು. ಇಡೀ ವ್ಯಾಕರಣವನ್ನೇ ಈ ಒಂದು ಸೂತ್ರದಿಂದ ಬಗೆಹರಿಸುತ್ತೇನೆ ಅನ್ನುವ ವೀಡಿಯೊಗಳನ್ನು ನಾನು ನಂಬುವುದಿಲ್ಲ.

ಹೆಜ್ಜೆ 7: ಬಾಲ ಕೈಕೊಡುವ ಕಡೆ

ಬಾಯಿಪಾಠ ಮಾಡಬೇಕಾದ ಪಟ್ಟಿ ಇದು, ಇಷ್ಟೇ. ಕನ್ನಡ ಒಂದು ಹೇಳಿ ಇಂಗ್ಲಿಷ್ ಇನ್ನೊಂದು ಕೇಳುವ ಜಾಗಗಳು.

'ಮಾತಾಡೋಕೆ ಅಭ್ಯಾಸ ಮಾಡು' ಅನ್ನುತ್ತೇವೆ. ಆದರೆ 'ಪ್ರಾಕ್ಟೀಸ್ ಸ್ಪೀಕಿಂಗ್'.
'ಕಾಯೋಕೆ ನನಗೇನೂ ಬೇಜಾರಿಲ್ಲ': 'ಐ ಡೋಂಟ್ ಮೈಂಡ್ ವೇಟಿಂಗ್'.
'ಕೆಲಸ ಬಿಡಬೇಕು ಅಂತ ಯೋಚಿಸ್ತಿದೀನಿ': 'ಐ ಆಮ್ ಕನ್ಸಿಡರಿಂಗ್ ಲೀವಿಂಗ್'.
'ನಗದೇ ಇರೋಕೆ ಆಗಲಿಲ್ಲ': 'ಐ ಕುಡಂಟ್ ಹೆಲ್ಪ್ ಲಾಫಿಂಗ್'.
'ಈಜೋದನ್ನು ಕಲಿತೆ': ಇದು ಉಲ್ಟಾ. 'ಐ ಲರ್ನ್ಡ್ ಟು ಸ್ವಿಮ್'.
'ಮಲಗಿರೋ ಹಾಗೆ ನಟಿಸಿದ': 'ಹಿ ಪ್ರಿಟೆಂಡೆಡ್ ಟು ಬಿ ಅಸ್ಲೀಪ್'.

'ಸಜೆಸ್ಟ್' ಇದೇ ಪಟ್ಟಿಗೆ ಸೇರಬೇಕಾದದ್ದು, ಅದರ ಕಥೆ ಆಗಲೇ ಆಯಿತು.

ಹೊಸ ಕ್ರಿಯಾಪದ ಸಿಕ್ಕಾಗ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟು ತೆರೆಯಿರಿ. ಅರ್ಥದ ಪಕ್ಕದಲ್ಲೇ ಅದರ ಜೊತೆ ಟು ಬರುತ್ತಾ, ಇಂಗ್ ಬರುತ್ತಾ ಅಂತ ಮಾದರಿ ಕೊಟ್ಟಿರುತ್ತಾರೆ. ಈ ಪದ್ಧತಿಗೆ ದೊಡ್ಡ ತಳಹದಿ ಹಾಕಿದವರಲ್ಲಿ ಎ. ಎಸ್. ಹಾರ್ನ್‌ಬಿ ಒಬ್ಬರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಸಹೋದ್ಯೋಗಿಗಳ ಜೊತೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು. ಇಂಗ್ಲಿಷ್ ತಾಯಿನುಡಿಯಲ್ಲದವರು ಎಲ್ಲಿ ಎಡವುತ್ತಾರೆ ಅಂತ ತರಗತಿಯಲ್ಲಿ ನೋಡಿದವರ ಕೆಲಸ ಅದು. ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಅರ್ಥ ಸಿಗುತ್ತದೆ, ಈ ಮಾದರಿ ಸಾಮಾನ್ಯವಾಗಿ ಸಿಗುವುದಿಲ್ಲ.

ಹೆಜ್ಜೆ 8: ಎರಡೂ ಸರಿ, ಆದರೆ ಅರ್ಥ ಬೇರೆ

ಕೆಲವು ಕ್ರಿಯಾಪದಗಳ ಜೊತೆ ಎರಡೂ ರೂಪ ನಡೆಯುತ್ತವೆ, ಅರ್ಥ ಮಾತ್ರ ಬದಲಾಗುತ್ತದೆ. ಇಲ್ಲಿ ಕನ್ನಡದಷ್ಟು ಸ್ಪಷ್ಟವಾಗಿ ದಾರಿ ತೋರಿಸುವುದು ಇನ್ನೊಂದಿಲ್ಲ.

'ಸ್ಟಾಪ್' ನೋಡಿ. 'ಹಿ ಸ್ಟಾಪ್ಡ್ ಟಾಕಿಂಗ್' ಅಂದರೆ ಮಾತಾಡೋದನ್ನು ನಿಲ್ಲಿಸಿದ. 'ಹಿ ಸ್ಟಾಪ್ಡ್ ಟು ಟಾಕ್' ಅಂದರೆ ಮಾತಾಡೋಕೆ ಅಂತ ನಿಂತ. ಒಂದರಲ್ಲಿ ಮಾತು ನಿಂತಿತು, ಇನ್ನೊಂದರಲ್ಲಿ ನಡಿಗೆ.

'ಫರ್ಗೆಟ್' ಮತ್ತು 'ರಿಮೆಂಬರ್' ಇನ್ನೂ ಸೂಕ್ಷ್ಮ. 'ಬೀಗ ಹಾಕೋದನ್ನು ಮರೆತೆ' ಮತ್ತು 'ಬೀಗ ಹಾಕಿದ್ದನ್ನು ಮರೆತೆ', ಇವೆರಡರ ನಡುವಿನ ದೂರ ಯಾವ ಕನ್ನಡಿಗನಿಗೂ ವಿವರಿಸಬೇಕಿಲ್ಲ. ಮೊದಲನೆಯದರಲ್ಲಿ ಮನೆ ತೆರೆದೇ ಇದೆ: 'ಐ ಫರ್ಗಾಟ್ ಟು ಲಾಕ್ ದ ಡೋರ್'. ಎರಡನೆಯದರಲ್ಲಿ ಬೀಗ ಬಿದ್ದಿದೆ, ನೆನಪು ಮಾತ್ರ ಇಲ್ಲ: 'ಐ ಫರ್ಗಾಟ್ ಲಾಕಿಂಗ್ ದ ಡೋರ್'. 'ಓದನ್ನು' ಬಂದರೆ ಇಂಗ್ ಅಂದಿದ್ದೆ ಅಲ್ವಾ? ಈ ಜೋಡಿಗೆ ಅದು ಅನ್ವಯಿಸಲ್ಲ. ಇಲ್ಲಿ 'ಇದ್ದನ್ನು' ಇದ್ದರೆ ಮಾತ್ರ ಇಂಗ್, ಉಳಿದದ್ದಕ್ಕೆ ಟು. 'ರಿಮೆಂಬರ್' ಕೂಡ ಹಾಗೇ: 'ರಿಮೆಂಬರ್ ಟು ಕಾಲ್' ಅಂದರೆ ನೆನಪಿಟ್ಟುಕೊಂಡು ಫೋನ್ ಮಾಡು, 'ಐ ರಿಮೆಂಬರ್ ಕಾಲಿಂಗ್' ಅಂದರೆ ಫೋನ್ ಮಾಡಿದ್ದು ನೆನಪಿದೆ.

'ಟ್ರೈ'ಗೆ ಕನ್ನಡದಲ್ಲಿ ಎರಡು ಬೇರೆ ಮಾತುಗಳೇ ಇವೆ. 'ಕಿಟಕಿ ತೆಗೆಯೋಕೆ ಪ್ರಯತ್ನಪಟ್ಟೆ' ಅಂದರೆ ಅದು ಬಿಗಿಯಾಗಿತ್ತು, ಕಷ್ಟಪಟ್ಟೆ: 'ಐ ಟ್ರೈಡ್ ಟು ಓಪನ್ ದ ವಿಂಡೋ'. 'ಕಿಟಕಿ ತೆಗೆದು ನೋಡಿದೆ, ಆದರೂ ಸೆಖೆ' ಅಂದರೆ ತೆಗೆಯುವುದು ಸುಲಭವಿತ್ತು, ಪ್ರಯೋಜನ ಆಗುತ್ತಾ ಅಂತ ಪರೀಕ್ಷಿಸಿದೆ: 'ಐ ಟ್ರೈಡ್ ಓಪನಿಂಗ್ ದ ವಿಂಡೋ'. 'ಮಾಡಿ ನೋಡು' ಬಂದರೆ ಇಂಗ್. ಟೆಕ್ ಸಪೋರ್ಟ್‌ನವರು 'ಟ್ರೈ ರೀಸ್ಟಾರ್ಟಿಂಗ್' ಅನ್ನುವುದು ಅದಕ್ಕೇ.

'ಗೋ ಆನ್' ಜೊತೆ ಇಂಗ್ ಬಂದರೆ ಮಾಡುತ್ತಲೇ ಇದ್ದರು, ಟು ಬಂದರೆ ಮುಂದೆ ಇನ್ನೊಂದನ್ನು ಮಾಡಿದರು. 'ದೇವೇಗೌಡ ಬಿಕೇಮ್ ಚೀಫ್ ಮಿನಿಸ್ಟರ್ ಇನ್ 1994 ಅಂಡ್ ವೆಂಟ್ ಆನ್ ಟು ಬಿಕಮ್ ಪ್ರೈಮ್ ಮಿನಿಸ್ಟರ್ ಇನ್ 1996.' ಇಲ್ಲಿ 'ವೆಂಟ್ ಆನ್ ಬಿಕಮಿಂಗ್' ಅಂದರೆ ಅರ್ಥವೇ ಕೆಡುತ್ತದೆ.

'ರಿಗ್ರೆಟ್ ಟು' ಕೆಟ್ಟ ಸುದ್ದಿ ಹೇಳುವ ಪತ್ರಗಳಲ್ಲಿ ಮಾತ್ರ: 'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು'. ಹೇಳಿದ್ದಕ್ಕೆ ಪಶ್ಚಾತ್ತಾಪ ಇದ್ದರೆ 'ಐ ರಿಗ್ರೆಟ್ ಸೇಯಿಂಗ್ ದಟ್'. 'ನೀಡ್' ಜೊತೆ ಮನುಷ್ಯ ಇದ್ದರೆ ಟು, ಕೆಲಸ ಮಾಡಿಸಿಕೊಳ್ಳಬೇಕಾದ ವಸ್ತು ಇದ್ದರೆ ಇಂಗ್ ನಡೆಯುತ್ತದೆ: 'ಐ ನೀಡ್ ಟು ವಾಶ್ ದ ಕಾರ್', 'ದ ಕಾರ್ ನೀಡ್ಸ್ ವಾಶಿಂಗ್'.

ಹೆಜ್ಜೆ 9: ತಲೆ ಕೆಡಿಸಿಕೊಳ್ಳಬೇಕಿಲ್ಲದ ಕಡೆ

ಸ್ಟಾರ್ಟ್, ಬಿಗಿನ್, ಕಂಟಿನ್ಯೂ, ಲೈಕ್, ಲವ್, ಹೇಟ್, ಪ್ರಿಫರ್ ಇವುಗಳ ಜೊತೆ ಸಾಮಾನ್ಯವಾಗಿ ಯಾವುದು ಹಾಕಿದರೂ ನಡೆಯುತ್ತದೆ. ಎರಡೇ ಎಚ್ಚರಿಕೆ. ಮೊದಲ ಕ್ರಿಯಾಪದದಲ್ಲೇ ಇಂಗ್ ಇದ್ದರೆ ಮತ್ತೊಂದು ಇಂಗ್ ಬೇಡ: 'ಇಟ್ ಈಸ್ ಸ್ಟಾರ್ಟಿಂಗ್ ಟು ರೇನ್'. 'ವುಡ್' ಸೇರಿದ ಕೂಡಲೇ ಟು: 'ಐ ವುಡ್ ಲೈಕ್ ಟು ಆರ್ಡರ್'. ವಾಕ್ಯದ ಮೊದಲಲ್ಲಿ ಕರ್ತೃವಾಗಿ ಬಂದರೆ ಇಂಗ್ ಹಾಕಿ: 'ವಾಕಿಂಗ್ ಈಸ್ ಗುಡ್ ಫಾರ್ ಯು'. ಅಲ್ಲಿ ಟು ತಪ್ಪಲ್ಲ, ಆದರೆ ಗೋಡೆ ಮೇಲೆ ಬರೆದ ಸುಭಾಷಿತದ ಹಾಗೆ ಕೇಳಿಸುತ್ತದೆ.

ಈಗ ನೀವೇ ಮಾಡಿ ನೋಡಿ

ಇವನ್ನು ಇಂಗ್ಲಿಷ್‌ಗೆ ತಂದು, ಯಾವ ಹೆಜ್ಜೆಯಲ್ಲಿ ಉತ್ತರ ಸಿಕ್ಕಿತು ಅಂತ ಗುರುತು ಹಾಕಿ.

ಅ) ಊಟ ಮಾಡದೆ ಹೋದ.
ಆ) ಅವಳಿಗೆ ಫೋನ್ ಮಾಡೋದನ್ನು ಮರೀಬೇಡ.
ಇ) ಸ್ವಲ್ಪ ಸಕ್ಕರೆ ಹಾಕಿ ನೋಡು.
ಈ) ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಿಸಿ ರೂಢಿ ಆಗಿದೆ.
ಉ) ಅಪ್ಪ ನನ್ನ ಕೈಲಿ ಕ್ಷಮೆ ಕೇಳಿಸಿದರು.
ಊ) ಬಸ್ಸಲ್ಲಿ ಹೋಗೋಣ ಅಂತ ಅವಳು ಸಲಹೆ ಕೊಟ್ಟಳು.

ಉತ್ತರಗಳು: ಅ) 'ಹಿ ಲೆಫ್ಟ್ ವಿದೌಟ್ ಈಟಿಂಗ್', ಹೆಜ್ಜೆ 1. ಆ) 'ಡೋಂಟ್ ಫರ್ಗೆಟ್ ಟು ಕಾಲ್ ಹರ್', ಹೆಜ್ಜೆ 8. ಇ) 'ಟ್ರೈ ಆಡಿಂಗ್ ಸಮ್ ಶುಗರ್', ಇದೂ 8. ಈ) 'ಐ ಆಮ್ ಯೂಸ್ಡ್ ಟು ಡ್ರೈವಿಂಗ್ ಇನ್ ಬೆಂಗಳೂರು ಟ್ರಾಫಿಕ್', ಹೆಜ್ಜೆ 2. ಉ) 'ಮೈ ಫಾದರ್ ಮೇಡ್ ಮಿ ಅಪಾಲಜೈಸ್', ಹೆಜ್ಜೆ 4ರ ಪುಂಡ. ಊ) 'ಶಿ ಸಜೆಸ್ಟೆಡ್ ಗೋಯಿಂಗ್ ಬೈ ಬಸ್'. 'ಅಂತ' ಕೇಳಿ ಟು ಹಾಕಿದ್ದರೆ ಹೆಜ್ಜೆ 7 ಇನ್ನೊಮ್ಮೆ ಓದಿ.